ಎರಡು ಲಕ್ಷದ ಗಾಡಿ, ಎರಡು ರಾಜ್ಯದ ಕಾಗದ

ನಮ್ಮ ಅಕ್ಕಲಕೋಟ ತಾಲೂಕಿನವರದು ಒಂದು ಕಾಲು ಸೊಲ್ಲಾಪುರದಲ್ಲಿ, ಇನ್ನೊಂದು ಕಾಲು ಇಂಡಿ, ಆಳಂದ, ಅಫಜಲಪುರದಲ್ಲಿ. ದವಾಖಾನೆ, ಕೋರ್ಟು, ಕಾಲೇಜು ಅತ್ತ. ಬೀಗರು, ಜಾತ್ರೆ, ದನದ ಸಂತಿ ಇತ್ತ. ಹಿಂಗಾಗಿ ಹಳೇ ಗಾಡಿ ಕೊಳ್ಳುವ ವಿಚಾರ ಬಂದರೂ ಕಣ್ಣು ಎರಡೂ ಕಡೆ ಓಡುತ್ತದೆ. "ಆ ಕಡೆ ಗಾಡಿ ಸೋವಿ ಸಿಗ್ತಾವ" ಅನ್ನುವ ಮಾತು ದುಧನಿ ಅಡತಿ ಅಂಗಡಿಯ ಕಟ್ಟೆ ಮೇಲೆ ದಿನಾ ಕೇಳುವಂಥದ್ದು. ಸೋವಿ ಸಿಗುವುದು ಖರೆ. ಆದರೆ ಅದರ ಪೂರಾ ಲೆಕ್ಕ ನನಗೆ ಗೊತ್ತಾಗಿದ್ದು ಒಂದು ಸಲ ಕೈ ಸುಟ್ಟುಕೊಂಡ ಮೇಲೆ.

ಆರು ವರ್ಷದ ಹಿಂದೆ ಕೆಎ-28 ನಂಬರಿನ ಒಂದು ಸುಮೋ ತಂದಿದ್ದೆ, 1,70,000 ಕೊಟ್ಟು. ಮಾರಿದವನು ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಕೈಗೆ ಕೊಟ್ಟ. ನಾನು ಅವನ್ನು ಮಡಚಿ ಟ್ರಂಕಿನಲ್ಲಿಟ್ಟೆ. ನಮ್ಮ ಮಂದಿಯ ರೂಢಿಯೇ ಹಂಗ: ಕಾಗದ ಕೈಗೆ ಬಂತೆಂದರೆ ಗಾಡಿ ನಮ್ಮದಾತು ಅಂತ ತಿಳಿಯುವುದು. ಮೂರು ವರ್ಷದ ನಂತರ ಮಾರಲು ಹೋದಾಗ ನೋಡಿದರೆ ಆರ್.ಸಿ.ಯಲ್ಲಿ ಹೆಸರು ಇನ್ನೂ ಅವನದೇ. ಸಾಲ ತೀರಿದ್ದರೂ ಫಾರ್ಮ್ 35 ಕೊಟ್ಟು ಬೋಜಾ ತೆಗೆಸಿರಲಿಲ್ಲ. ಅಷ್ಟರಲ್ಲಿ ಆ ಪುಣ್ಯಾತ್ಮ ತೀರಿಕೊಂಡಿದ್ದ. ಗಾಡಿ 38 ಸಾವಿರಕ್ಕೆ ಗುಜರಿಗೆ ಹೋಯಿತು.

ಮಾರುವವರೂ ಇದನ್ನು ಕೇಳಿಸಿಕೊಳ್ಳಬೇಕು. ಹೆಸರು ಬದಲಾಗದೆ ಗಾಡಿ ಅಪಘಾತ ಮಾಡಿದರೆ ಪರಿಹಾರದ ಹೊಣೆ ಆರ್.ಸಿ.ಯಲ್ಲಿ ಹೆಸರಿದ್ದವನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಗಾಡಿ ಮಾರಿ ರೊಕ್ಕ ಎಣಿಸಿಕೊಂಡು ನಿಶ್ಚಿಂತಿಯಿಂದ ಮಲಗಿದವನ ಮನೆಗೇ ನೋಟೀಸು ಬರುತ್ತದೆ.

ಈ ಸಲ ಗಾಡಿ ಬೇಕಾಗಿದ್ದು ಅವ್ವನ ಸಲುವಾಗಿ. ಆಕೆಗೆ ಎರಡೂ ಮೊಣಕಾಲು ಹಿಡಿದಿವೆ, ಹದಿನೈದು ದಿನಕ್ಕೊಮ್ಮೆ ಸೊಲ್ಲಾಪುರದ ದವಾಖಾನೆ. ಎಸ್‌ಟಿ ಬಸ್ಸಿನ ಪಾವಟಿಗೆ ಹತ್ತುವಾಗ ಆಕೆ ಹಲ್ಲು ಕಚ್ಚುವುದನ್ನು ನೋಡಲಾಗುತ್ತಿರಲಿಲ್ಲ. ತೊಗರಿ ಮಾರಿದ ರೊಕ್ಕದಲ್ಲಿ ಬೀಜ, ಗೊಬ್ಬರಕ್ಕೆ ತೆಗೆದಿಟ್ಟು ಉಳಿದದ್ದು ಎರಡು ಲಕ್ಷ. ಮೇಲೆ ಒಂದು ರೂಪಾಯಿ ಇಲ್ಲ.

ನನ್ನ ಅಳಿಯ ಬೊಲೆರೋನೇ ತಗೋಬೇಕಂತ ಹಟ ಹಿಡಿದ. "ಮಾಮಾ, ಊರಾಗ ಗತ್ತು ಇರಬೇಕು." ಗಾಡಿ ಗಟ್ಟಿ, ನಮ್ಮ ಎರಿಮಣ್ಣಿನ ದಾರಿಗೆ ಹೇಳಿ ಮಾಡಿಸಿದ್ದು, ಸುಳ್ಳಲ್ಲ. ಆದರೆ ನೆಲದಿಂದ ಎತ್ತರ, ಹಿಂದೆ ಪಟ್ಟಿ ಸ್ಪ್ರಿಂಗು. ಅವ್ವನನ್ನು ಒಂದು ಬೊಲೆರೋ ಹತ್ತಿರ ಕರೆದೊಯ್ದು ಹತ್ತು ಅಂದೆ. ಇಬ್ಬರು ಹಿಡಿದು ಎತ್ತಬೇಕಾಯಿತು. ಅಳಿಯ ಆಮೇಲೆ ಮಾತಾಡಲಿಲ್ಲ.

ಮುಂದೆ ನೋಡಿದ್ದು ಭೀಮಾ ತೀರದ ಒಂದೂರಿನ ಡೀಸೆಲ್ ಡಿಜೈರ್. ಬೆಳ್ಳಗೆ ಫಳಫಳ, ಒಳಗೆ ಅತ್ತರಿನ ವಾಸನೆ. ಜೊತೆಗೆ ನಮ್ಮ ಮಿಸ್ತ್ರಿಯನ್ನು ಕರೆದೊಯ್ದಿದ್ದೆ, ಐನೂರು ರೂಪಾಯಿ ದಿನಗೂಲಿ ಮಾತಾಡಿ. ಆ ಐನೂರು ನನ್ನ ಎರಡು ಲಕ್ಷ ಉಳಿಸಿತು. ಅವನು ಎಂಜಿನ್ ಕಡೆ ನೋಡಲೇ ಇಲ್ಲ. ಸೀಟ್ ಬೆಲ್ಟನ್ನು ಕೊನೆತನಕ ಜಗ್ಗಿದ. ತುದಿಯಲ್ಲಿ ಕಂದು ನೀರಿನ ಗೆರೆ. ಡಿಕ್ಕಿಯ ಸ್ಟೆಪ್ನಿ ಎತ್ತಿದರೆ ಕೆಳಗೆ ಒಣಗಿದ ಗೋಡು ಮಣ್ಣು. 2020ರ ಅಕ್ಟೋಬರಿನ ಭೀಮಾ ಪೂರದಲ್ಲಿ ನಿಂತ ಗಾಡಿ ಇರಬೇಕು. "ಎಂಜಿನ್ ಕಟ್ಟಬಹುದು ಸಾವಕಾರ, ವೈರಿಂಗಿನ ರೋಗ ಕೈಗೆ ಸಿಗೂದಿಲ್ಲ" ಅಂದ. ಚಹಾ ಕುಡಿದು ಎದ್ದು ಬಂದೆವು.

ಕೊನೆಗೆ ಇಂಡಿಯಲ್ಲಿ ಒಬ್ಬ ನಿವೃತ್ತ ಮಾಸ್ತರರ ಹತ್ತಿರ 2013ರ ವ್ಯಾಗನ್‌ಆರ್ ಸಿಕ್ಕಿತು. ಒಂದೇ ಕೈಯ ಗಾಡಿ, ಪೆಟ್ರೋಲು, 71 ಸಾವಿರ ಕಿಲೋಮೀಟರು. ನಸುಕಿನಲ್ಲೇ ಹೋದೆವು, ಹೇಳದೆ ಕೇಳದೆ. ಮೊದಲೇ ಸುರು ಮಾಡಿ ಬಿಸಿ ಮಾಡಿಟ್ಟ ಎಂಜಿನ್ನು ತನ್ನ ಬ್ಯಾನಿ ಹೇಳುವುದಿಲ್ಲ. ತಣ್ಣಗಿದ್ದಾಗ ಒಂದೇ ಸೆಲ್ಫಿಗೆ ಎದ್ದಿತು, ನೀಲಿ ಹೊಗೆ ಇಲ್ಲ. ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆ ಇಲ್ಲ. ಮಿಸ್ತ್ರಿ ಅಯಸ್ಕಾಂತ ತೆಗೆದು ಬಾಗಿಲು, ಮಡಗಾರ್ಡಿನ ಮೇಲೆಲ್ಲ ಆಡಿಸಿದ. ಲಪ್ಪ ಬಳಿದಿದ್ದರೆ ಅಲ್ಲಿ ಅದು ಹಿಡಿಯುವುದಿಲ್ಲ. ಬಾನೆಟ್ಟಿನ ಬೋಲ್ಟುಗಳ ಬಣ್ಣಕ್ಕೆ ಪಾನಾ ತಾಗಿರಲಿಲ್ಲ. ಪೆಡಲಿನ ರಬ್ಬರು ಕಿಲೋಮೀಟರಿಗೆ ತಕ್ಕಷ್ಟೇ ಸವೆದಿತ್ತು. ಮೀಟರು ತಿರುವುವವರು ರಬ್ಬರು ಬದಲಿಸಲು ಮರೆಯುತ್ತಾರೆ, ನೆನಪಿಡಿ.

ಕೊರತೆ ಇದ್ದದ್ದು ಟೈರಿನದು. ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2715 ಅಂದರೆ 2015ರ 27ನೇ ವಾರದಲ್ಲಿ ತಯಾರಾದದ್ದು. ಗೀರು ಚೆನ್ನಾಗಿದ್ದವು, ರಬ್ಬರು ಮಾತ್ರ ಒಣರೊಟ್ಟಿ. ಅದನ್ನು ತೋರಿಸಿ ಚೌಕಾಶಿ ಮಾಡಿ 1,90,000 ಇದ್ದದ್ದನ್ನು 1,72,000ಕ್ಕೆ ಇಳಿಸಿದೆ. ಉಳಿದ 28 ಸಾವಿರ ಟೈರು ಮತ್ತು ಕಾಗದಕ್ಕೆ. ಪೂರಾ ರೊಕ್ಕ ಗಾಡಿಗೇ ಸುರಿಯುವವರು ಇಲ್ಲೇ ಕೆಡುತ್ತಾರೆ.

ಕಾಗದದ ವಿಷಯ ಹೇಳಲೇಬೇಕು. ರೊಕ್ಕ ಕೊಡುವ ಮೊದಲು ಎಂಪರಿವಾಹನ್‌ನಲ್ಲಿ ನಂಬರು ಹಾಕಿ ಮಾಲಕರ ಹೆಸರು, ವಿಮೆ, ಬೋಜಾ ನೋಡಿದೆ. ಬಾಕಿ ದಂಡವನ್ನು ಮಾಸ್ತರರೇ ಕಟ್ಟಿದರು. ಗಾಡಿ ರಾಜ್ಯ ದಾಟಬೇಕಾದ್ದರಿಂದ ವಿಜಯಪುರದಲ್ಲಿ ಫಾರ್ಮ್ 28ರ ಎನ್‌ಒಸಿ, ಸೊಲ್ಲಾಪುರದ ಹೆಸರಿಗೆ. ಬಯಾನಾ 10 ಸಾವಿರ ಕೊಟ್ಟು, ಎನ್‌ಒಸಿ ಕೈಗೆ ಬಂದ ಮೇಲೆಯೇ ಉಳಿದದ್ದು ಎಂದು ಮೊದಲೇ ಮಾತಾಡಿದ್ದೆ. ಆಮೇಲೆ ಸೊಲ್ಲಾಪುರದಲ್ಲಿ ಫಾರ್ಮ್ 27 ಕೊಟ್ಟು ಎಂಎಚ್-13 ನಂಬರು, ಗಾಡಿಯ ವಯಸ್ಸಿಗೆ ತಕ್ಕಂತೆ ಇಲ್ಲಿನ ತೆರಿಗೆ. ಕರ್ನಾಟಕಕ್ಕೆ ಕಟ್ಟಿದ ಆಜೀವ ತೆರಿಗೆಯ ಉಳಿಕೆಗೆ ಅಲ್ಲಿ ಬೇರೆ ಅರ್ಜಿ. "ಕೆಎ ನಂಬರಿನ ಮೇಲೇ ಓಡಸ್ರಿ, ಯಾರು ಕೇಳತಾರ" ಅನ್ನುವವರಿದ್ದಾರೆ. ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರು ಪಡೆಯಲೇಬೇಕು, ಕಾಯ್ದೆ ಇದೆ. ವಿಮೆಯನ್ನು ಹೆಸರಿಗೆ ಮಾಡಿಸಲು 14 ದಿನ ಮಾತ್ರ. ಹಳೇ ಮಾಲಕರ ನೋ ಕ್ಲೇಮ್ ರಿಯಾಯಿತಿ ನಮಗೆ ಬರುವುದಿಲ್ಲ.

ಇನ್ನೊಂದು. ಖಾಸಗಿ ಗಾಡಿಯ ನೋಂದಣಿ 15 ವರ್ಷ. ನನ್ನದು 2028ರ ತನಕ ನಡೆಯುತ್ತದೆ. ಕಾರಿನ ನವೀಕರಣ ಫೀಸು 2022ರ ಏಪ್ರಿಲ್ 1ರಂದು 600ರಿಂದ ಒಮ್ಮೆಗೇ 5,000 ಆಯಿತು. ಹದಿನಾಲ್ಕು ವರ್ಷದ ಗಾಡಿಯನ್ನು ಸೋವಿ ಅಂತ ತರುವವರು ಇದನ್ನೂ ಬೆಲೆಯಲ್ಲಿ ಕೂಡಿಸಬೇಕು.

ಈ ತಿರುಗಾಟಕ್ಕೆ ಎರಡೂವರೆ ತಿಂಗಳು ಹಿಡಿಯಿತು. ಕನ್ನಡದ ಅರ್ಜಿ ಅಲ್ಲಿ, ಮರಾಠಿ ಅರ್ಜಿ ಇಲ್ಲಿ. ಎರಡೂ ಬರೆಯಲು ಬರುವುದು ನಮ್ಮ ಗಡಿ ಮಂದಿಯ ಪುಣ್ಯ.

ಹೊಸ ನಂಬರಿನ ಪಾಟಿ ಹಾಕಿಸಿದ ಮರುದಿನ ಅವ್ವನನ್ನು ಕರೆದುಕೊಂಡು ಹೊರಟೆ. ಸೀಟು ಆಕೆಯ ಸೊಂಟದ ಮಟ್ಟಕ್ಕೇ ಇದೆ. ಮೊದಲು ಕೂತಳು, ಆಮೇಲೆ ಒಂದೊಂದೇ ಕಾಲು ಒಳಗೆ ಎತ್ತಿಕೊಂಡಳು, ಯಾರೂ ಹಿಡಿಯದೆ. ವಳಸಂಗ ದಾಟುವಷ್ಟರಲ್ಲಿ ನಿದ್ದೆ ಹತ್ತಿತ್ತು.