ಹೆಗಡೆ: ಅಧಿಕಾರದ ಹೆಸರು ಮನೆತನಕ್ಕೆ ಉಳಿದ ಬಗೆ

ಹೆಗಡೆ ಎಂಬುದು ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನಲ್ಲಿ ದಟ್ಟವಾಗಿ ಹರಡಿರುವ ಅಡ್ಡಹೆಸರು. ಉತ್ತರ ಕನ್ನಡದ ಹವ್ಯಕ ಬ್ರಾಹ್ಮಣರಲ್ಲಿ, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಬಂಟರಲ್ಲಿ, ಅದೇ ಸೀಮೆಯ ಜೈನರಲ್ಲಿ, ಮಲೆನಾಡಿನ ಒಕ್ಕಲಿಗರಲ್ಲಿ, ಕೊಂಕಣಿ ಮಾತಾಡುವ ಕೆಲವು ಸಾರಸ್ವತ ಮನೆಗಳಲ್ಲಿ ಈ ಹೆಸರು ಬಳಕೆಯಲ್ಲಿದೆ. ಇವರ ಮನೆಮಾತು ಒಂದೇ ಅಲ್ಲ. ಮದುವೆಯ ಕಟ್ಟಳೆ, ಪೂಜೆಯ ಕ್ರಮ, ಆಸ್ತಿ ಇಳಿದು ಬಂದ ದಾರಿ ಯಾವುದೂ ಒಂದೇ ಅಲ್ಲ. ಹೀಗಿದ್ದೂ ಹೆಸರು ಮಾತ್ರ ಒಂದೇ ಆಗಿರುವುದಕ್ಕೆ ಕಾರಣ ಸರಳವಾಗಿದೆ: ಅದು ಮೊದಲಿಗೆ ಜಾತಿಯ ಹೆಸರಾಗಿರಲಿಲ್ಲ, ಕುಲದ ಹೆಸರೂ ಆಗಿರಲಿಲ್ಲ. ಅದು ಒಂದು ಹುದ್ದೆಯ ಹೆಸರಾಗಿತ್ತು.

ಹಳಗನ್ನಡದಲ್ಲಿ ಈ ಹುದ್ದೆಗೆ ಪೆರ್ಗಡೆ ಎನ್ನುತ್ತಿದ್ದರು. ಮೊದಲಲ್ಲಿರುವ ‘ಪೆರ್’ ಎಂದರೆ ಹಿರಿದು, ದೊಡ್ಡದು. ಹೆದ್ದಾರಿ, ಹೆಬ್ಬಾಗಿಲು, ಹೆಮ್ಮರ, ಹೆಬ್ಬೆರಳು ಈ ಎಲ್ಲ ಮಾತುಗಳ ತಲೆಯಲ್ಲಿರುವುದೂ ಅದೇ. ಪದದ ಮೊದಲಿನ ಪಕಾರ ಕನ್ನಡದಲ್ಲಿ ಕ್ರಮೇಣ ಹಕಾರವಾಯಿತು. ಪಾಲು ಹಾಲಾದಂತೆ, ಪಳ್ಳಿ ಹಳ್ಳಿಯಾದಂತೆ ಪೆರ್ಗಡೆಯೂ ಬದಲಾಯಿತು. ನಡುವಿನ ರಕಾರ ಮುಂದಿನ ಗಕಾರದಲ್ಲಿ ಕರಗಿ ಒತ್ತಕ್ಷರವಾಗಿ ಹೆಗ್ಗಡೆ ಎಂಬ ರೂಪ ಬಂತು. ಒತ್ತು ಸಡಿಲಿದ ಕಡೆ ಹೆಗಡೆ ಆಯಿತು, ನಡುವಿನ ಸ್ವರ ಬಿದ್ದ ಕಡೆ ಹೆಗ್ಡೆ ಆಯಿತು. ತುಳುವಿನಲ್ಲಿ ಪಕಾರ ಹಕಾರವಾಗದೆ ಉಳಿದದ್ದರಿಂದ ಅಲ್ಲಿ ಪೆರ್ಗಡೆ ಎಂಬ ಹಳೆಯ ರೂಪವೇ ಇಂದಿಗೂ ಕೇಳಸಿಗುತ್ತದೆ. ಸಾವಿರ ವರ್ಷದ ಹಿಂದಿನ ಶಾಸನಗಳ ಮಾತೊಂದು ಈಗಲೂ ಆಡುಮಾತಿನಲ್ಲಿ ಉಳಿದಿರುವುದು ಸಣ್ಣ ಸಂಗತಿಯಲ್ಲ. ತೆಲುಗಿನಲ್ಲೂ ಇದೇ ಬೇರಿನ ಪ್ರೆಗ್ಗಡ ಎಂಬ ಮಾತು ಮಂತ್ರಿ, ಅಧಿಕಾರಿ ಎಂಬ ಅರ್ಥದಲ್ಲಿತ್ತು. ನನ್ನಯ ಬಿಟ್ಟುಹೋದ ತೆಲುಗು ಮಹಾಭಾರತದ ಭಾಗವನ್ನು 14ನೆಯ ಶತಮಾನದಲ್ಲಿ ಪೂರ್ಣಗೊಳಿಸಿದ ಕವಿಯ ಹೆಸರು ಎರ್ರಾಪ್ರೆಗ್ಗಡ.

ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಗಡೆ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಒಂದು ಇಲಾಖೆಯ ಮೇಲ್ವಿಚಾರಣೆ ಹೊತ್ತವನೇ ಪೆರ್ಗಡೆ. ಯಾವ ಇಲಾಖೆ ಎಂಬುದನ್ನು ಹಿಂದೆ ಸೇರಿದ ಪದ ಹೇಳುತ್ತಿತ್ತು. ಅರಮನೆಯ ಆಡಳಿತ ನೋಡುವವನು ಮನೆವೆರ್ಗಡೆ. ತೆರಿಗೆಯ ಉಸ್ತುವಾರಿಯವನು ಸುಂಕವೆರ್ಗಡೆ. ಅರಸನ ಅಡುಗೆಮನೆಯ ಮೇಲಧಿಕಾರಿ ಬಾಣಸವೆರ್ಗಡೆ. ಬಾಣಸಿಗ ಎಂಬ ಮಾತಿನಲ್ಲಿ ಇಂದಿಗೂ ಉಳಿದಿರುವ ಬಾಣಸವೇ ಇದು. ಈ ಸಮಾಸಗಳಲ್ಲಿ ಪಕಾರಕ್ಕೆ ವಕಾರ ಬಂದಿರುವುದು ವ್ಯಾಕರಣದ ಪಾಠದಲ್ಲಿ ಓದುವ ಆದೇಶಸಂಧಿ.

ಈ ಬಿರುದುಗಳನ್ನು ಕೇಳಿ ಅವು ಬರಿಯ ಮನೆಗೆಲಸದ ಹುದ್ದೆಗಳೆಂದು ತಿಳಿಯಬಾರದು. ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಅನಂತಪಾಲ ಎಂಬ ದಂಡನಾಯಕನಿದ್ದ. ಶಾಸನಗಳು ಅವನನ್ನು ಮಹಾಪ್ರಧಾನ ಎನ್ನುತ್ತವೆ, ಬಾಣಸವೆರ್ಗಡೆ ಎಂದೂ ಕರೆಯುತ್ತವೆ. 12ನೆಯ ಶತಮಾನದ ಆರಂಭದಲ್ಲಿ ಬನವಾಸಿ ಪನ್ನಿರ್ಛಾಸಿರದಂಥ ದೊಡ್ಡ ನಾಡಿನ ಆಡಳಿತ ಅವನ ಕೈಯಲ್ಲಿತ್ತು. ಅರಸನ ಊಟ, ಖಜಾನೆ, ಮನೆ ಮೂರನ್ನೂ ನಂಬಿಕೆಯವರಿಗೇ ಒಪ್ಪಿಸುತ್ತಿದ್ದ ಕಾಲ ಅದು. ಆದ್ದರಿಂದ ಪೆರ್ಗಡೆ ಎಂಬುದು ರಾಜ್ಯದ ಮೇಲ್ಸ್ತರದ ಅಧಿಕಾರಿಗಳು ಹೆಮ್ಮೆಯಿಂದ ಹೊತ್ತ ಬಿರುದು. ಹೊಯ್ಸಳರ ಕಾಲಕ್ಕೆ ಬರುವಷ್ಟರಲ್ಲಿ ಅದು ಹೆಗ್ಗಡೆ ಎಂಬ ಹೊಸ ರೂಪದಲ್ಲಿ ವ್ಯಕ್ತಿಯ ಹೆಸರಿನ ಮುಂದೆ ನಿಲ್ಲತೊಡಗಿತು.

ವಿಜಯನಗರದ ಆಡಳಿತದಲ್ಲಿ ಪ್ರಧಾನಿ, ನಾಯಕ, ಪಾರುಪತ್ಯಗಾರ ಮೊದಲಾದ ಬೇರೆ ಹೆಸರುಗಳು ಮೇಲೆ ಬಂದವು. ಹೆಗ್ಗಡೆ ರಾಜಧಾನಿಯಿಂದ ಇಳಿದು ಊರಿಗೆ, ಮಾಗಣೆಗೆ, ದೇವಸ್ಥಾನಕ್ಕೆ ಬಂದು ನೆಲೆಸಿತು. ಊರಿನ ತೀರ್ವೆ ಕೂಡಿಸುವುದು, ನ್ಯಾಯ ಹೇಳುವುದು, ದೇವರ ಉತ್ಸವ ನಡೆಸುವುದು, ಹೊರಗಿನ ಅರಸನಿಗೆ ಊರಿನ ಪರವಾಗಿ ಉತ್ತರ ಕೊಡುವುದು ಹೆಗ್ಗಡೆಯ ಪಾಲಿಗೆ ಬಂದ ಕೆಲಸಗಳು. ಹುದ್ದೆ ಚಿಕ್ಕದಾಯಿತು ನಿಜ, ಆದರೆ ಬೇರು ಆಳಕ್ಕೆ ಹೋಯಿತು. ಅರಮನೆಯ ಹುದ್ದೆ ಅರಸು ಬದಲಾದಾಗ ಹೋಗುತ್ತದೆ. ಊರಿನ ಯಜಮಾನಿಕೆ ಒಂದು ಮನೆಯಲ್ಲಿ ತಲೆಮಾರುಗಟ್ಟಲೆ ನಿಲ್ಲುತ್ತದೆ. ಹೆಗಡೆ ಎಂಬ ಪದವಿ ಅಡ್ಡಹೆಸರಾಗಿ ಗಟ್ಟಿಯಾದದ್ದು ಹೀಗೆ ಊರಿನ ಮಟ್ಟಕ್ಕೆ ಇಳಿದ ಮೇಲೆಯೇ.

ಊರ ಯಜಮಾನ ಯಾವ ಜಾತಿಯವನು ಎಂಬುದು ಆಯಾ ಸೀಮೆಯ ಭೂಮಿ ಯಾರ ಕೈಯಲ್ಲಿತ್ತು ಎಂಬುದರ ಮೇಲೆ ನಿಂತಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಹೊನ್ನಾವರ, ಕುಮಟಾ ಸೀಮೆಗಳಲ್ಲಿ ಅಡಿಕೆ ತೋಟ ಮಾಡಿಕೊಂಡಿದ್ದ ಹವ್ಯಕರಲ್ಲಿ ಊರಿನ ಆಡಳಿತ ಹಿಡಿದ ಮನೆಗಳು ಹೆಗಡೆ ಎನಿಸಿಕೊಂಡವು. ವೈದಿಕ ವೃತ್ತಿಯವರು ಭಟ್ಟರಾದರು. ಜೋಶಿ, ಶಾಸ್ತ್ರಿ, ಭಾಗ್ವತ, ಉಪಾಧ್ಯ, ದೀಕ್ಷಿತ, ಗಾಂವ್ಕರ್ ಮೊದಲಾದ ಹೆಸರುಗಳೂ ಇವರಲ್ಲಿವೆ. ಇವರೆಲ್ಲ ಪರಸ್ಪರ ನೆಂಟರೇ. ದಕ್ಷಿಣದ ಪುತ್ತೂರು, ವಿಟ್ಲ, ಕಾಸರಗೋಡು ಕಡೆಯ ಹವ್ಯಕರಲ್ಲಿ ಭಟ್ ಎಂಬುದೇ ಹೆಚ್ಚು. ಅಲ್ಲಿ ಊರಿನ ಗುತ್ತಿನ, ಎಂದರೆ ಭೂಮಿ ಹಿಡಿದ ಹಿರಿಮನೆಯ, ಯಜಮಾನಿಕೆ ಬಂಟರ ಮತ್ತು ಜೈನರ ಮನೆಗಳಲ್ಲಿತ್ತು.

ತುಳುನಾಡಿನಲ್ಲಿ ಹೆಗ್ಡೆ ಎಂಬುದು ಶೆಟ್ಟಿ, ರೈ, ಆಳ್ವ, ಬಲ್ಲಾಳ, ಭಂಡಾರಿ, ಚೌಟ ಮೊದಲಾದವುಗಳ ಸಾಲಿನ ಹೆಸರು. ಇಲ್ಲಿ ಒಂದು ವಿಶೇಷವಿದೆ. ಬಂಟರಲ್ಲಿ ಹಿಂದೆ ಅಳಿಯಸಂತಾನದ ಕಟ್ಟು ಇತ್ತು. ಗುತ್ತಿನ ಮನೆಯ ಗಡಿ, ಎಂದರೆ ಯಜಮಾನಿಕೆ, ಮಾವನಿಂದ ಅಕ್ಕತಂಗಿಯರ ಮಗನಿಗೆ ಹೋಗುತ್ತಿತ್ತು. ಪದವಿಯ ಹೆಸರೂ ಅದರ ಜೊತೆಗೇ ಹೋಗುತ್ತಿತ್ತಾದ್ದರಿಂದ ತಂದೆ ಒಂದು ಹೆಸರಿನವನು, ಮಗ ಇನ್ನೊಂದು ಹೆಸರಿನವನು ಆಗುವುದಕ್ಕೆ ಅಡ್ಡಿಯಿರಲಿಲ್ಲ. ನೆಂಟಸ್ತಿಕೆ ನೋಡುವಾಗ ಮುಖ್ಯವಾಗುತ್ತಿದ್ದುದು ಬಳಿ. ಅದು ತಾಯಿಯಿಂದ ಬರುವುದು. ಒಂದೇ ಬಳಿಯವರೊಳಗೆ ಮದುವೆಯಿಲ್ಲ, ಆದರೆ ಇಬ್ಬರೂ ಹೆಗ್ಡೆಯವರಾಗಿದ್ದರೆ ತೊಂದರೆಯಿಲ್ಲ. ಹವ್ಯಕರಲ್ಲಿ ಇದೇ ಕೆಲಸವನ್ನು ಗೋತ್ರ ಮಾಡುತ್ತದೆ. ಎರಡೂ ಸಮಾಜಗಳಲ್ಲಿ ರಕ್ತಸಂಬಂಧವನ್ನು ಹೇಳುವ ಭಾರ ಅಡ್ಡಹೆಸರಿನ ಮೇಲೆ ಎಂದೂ ಇರಲಿಲ್ಲ.

ಹೆಗ್ಗಡೆ ಎಂಬುದು ಇಂದಿಗೂ ನಿಜವಾದ ಪದವಿಯಾಗಿಯೇ ಉಳಿದಿರುವ ಸ್ಥಳ ಧರ್ಮಸ್ಥಳ. ಅಲ್ಲಿಯ ಧರ್ಮಾಧಿಕಾರಿಗಳ ಮನೆತನ ಜೈನರದು, ದೇವರು ಶಿವ, ಪೂಜೆ ಮಾಡುವವರು ಮಾಧ್ವ ವೈಷ್ಣವರು. ನೆಲ್ಯಾಡಿ ಬೀಡಿನ ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿ ದಂಪತಿಯಿಂದ ಕ್ಷೇತ್ರದ ಕಥೆ ಆರಂಭವಾಗುತ್ತದೆ ಎಂಬುದು ಐತಿಹ್ಯ. ಅದರಲ್ಲಿ ಪೆರ್ಗಡೆ ಎಂಬ ಹಳೆಯ ರೂಪವೇ ಇರುವುದನ್ನು ಗಮನಿಸಬೇಕು. ವೀರೇಂದ್ರ ಹೆಗ್ಗಡೆಯವರು 1968ರ ಅಕ್ಟೋಬರ್ 24ರಂದು, ಇನ್ನೂ 20 ತುಂಬುವ ಮೊದಲೇ, 21ನೆಯ ಧರ್ಮಾಧಿಕಾರಿಯಾಗಿ ಪಟ್ಟಾಭಿಷಿಕ್ತರಾದರು. ಜನ ಅಲ್ಲಿಗೆ ತಮ್ಮ ವ್ಯಾಜ್ಯಗಳನ್ನು ತರುತ್ತಾರೆ, ಹೆಗ್ಗಡೆಯವರು ಎರಡೂ ಕಡೆಯವರ ಮಾತು ಕೇಳಿ ತೀರ್ಮಾನ ಹೇಳುತ್ತಾರೆ. ಇದಕ್ಕೆ ಹೊಯ್ಲು ಎನ್ನುತ್ತಾರೆ. ಹಿಂದೆ ಊರೂರಿನ ಹೆಗ್ಗಡೆ ಮಾಡುತ್ತಿದ್ದ ಕೆಲಸ ಎಂಥದ್ದು ಎಂದು ಕಣ್ಣಾರೆ ಕಾಣಬೇಕೆಂದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮಲೆನಾಡಿನಲ್ಲಿ ಈ ಹೆಸರಿನ ನಡೆ ಬೇರೆ. ಅಲ್ಲಿ ಊರಿನ ಯಜಮಾನ ಸಾಮಾನ್ಯವಾಗಿ ಗೌಡ. ಆದರೆ ಗೌಡರ ಹೆಂಡತಿಯನ್ನು ಹೆಗ್ಗಡಿತಿ ಎಂದು ಗೌರವದಿಂದ ಕರೆಯುವುದು ಅಲ್ಲಿಯ ವಾಡಿಕೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಕಾದಂಬರಿಯ ಸುಬ್ಬಮ್ಮ, ಚಂದ್ರಯ್ಯಗೌಡರ ಹೆಂಡತಿ. ಗಂಡ ಗೌಡ, ಹೆಂಡತಿ ಹೆಗ್ಗಡಿತಿ: ಎರಡು ಪದವಿಗಳು ಒಂದೇ ಮನೆಯಲ್ಲಿ ಬೆರೆತುಹೋಗಿವೆ. ಮಲೆನಾಡಿನ ಒಕ್ಕಲಿಗ ಮನೆತನಗಳಲ್ಲಿ ಗಂಡಸರ ಹೆಸರಿಗೂ ಹೆಗಡೆ ಎಂದು ಸೇರುವುದುಂಟು. ಕಾಫಿ ಡೇ ಕಟ್ಟಿದ ವಿ. ಜಿ. ಸಿದ್ಧಾರ್ಥ ಅವರ ತಂದೆ ಗಂಗಯ್ಯ ಹೆಗಡೆ ಮೂಡಿಗೆರೆ ಸೀಮೆಯ ಕಾಫಿ ಬೆಳೆಗಾರರಾಗಿದ್ದರು. ಕೊಡಗಿನಲ್ಲಂತೂ ಹೆಗ್ಗಡೆ ಎಂಬುದು ಅಡ್ಡಹೆಸರಲ್ಲ, ಕೊಡವ ಭಾಷೆಯಾಡುವ ಒಂದು ಪುಟ್ಟ ಸಮುದಾಯದ ಹೆಸರು.

ಹಳೆ ಮೈಸೂರು ಸೀಮೆಯಲ್ಲಿ ಹೆಸರು ಊರುಗಳಲ್ಲಿ ನಿಂತಿದೆ. ಹೆಗ್ಗಡದೇವನಕೋಟೆ, ಹೆಗ್ಗಡಹಳ್ಳಿ ಎಂಬ ಊರುಗಳು ಅಲ್ಲಿ ಒಂದು ಕಾಲಕ್ಕೆ ಹೆಗ್ಗಡೆಗಳಿದ್ದರು ಎನ್ನುತ್ತವೆ, ಜನರ ಹೆಸರಿನಲ್ಲಿ ಮಾತ್ರ ಅದು ಅಪರೂಪ. ಕುಮಟಾದ ಹತ್ತಿರ ಹೆಗಡೆ ಎಂಬ ಹೆಸರಿನದೇ ಊರಿದೆ. ಧಾರವಾಡ, ಬೆಳಗಾವಿ, ವಿಜಯಪುರದ ಬಯಲಿನಲ್ಲಿ ಆದಿಲ್‌ಶಾಹಿ ಮತ್ತು ಮರಾಠರ ಆಡಳಿತ ಬಂದು ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಪಾಂಡೆ ಎಂಬ ಹೊಸ ಹುದ್ದೆಗಳು ಹುಟ್ಟಿದವು, ಅವೇ ಮುಂದೆ ಅಡ್ಡಹೆಸರುಗಳಾದವು. ಘಟ್ಟ ಮತ್ತು ಕರಾವಳಿ ಕೆಳದಿಯಂಥ ಸ್ಥಳೀಯ ಅರಸರ ಕೈಯಲ್ಲೇ ಬಹುಕಾಲ ಉಳಿದವು. ಹಳೆಯ ಕನ್ನಡ ಪದವಿ ಅಲ್ಲಿ ಬಾಳಿಕೊಂಡು ಬಂದದ್ದಕ್ಕೆ ಇದು ಮುಖ್ಯ ಕಾರಣ ಎನ್ನಬಹುದು.

ಬ್ರಿಟಿಷರ ಕಾಲದಲ್ಲಿ ಕಚೇರಿ, ಶಾಲೆ, ಜಮೀನಿನ ದಾಖಲೆಗಳಲ್ಲಿ ಬರೆಸಲು ಒಂದು ಖಾಯಂ ಹೆಸರು ಬೇಕಾಯಿತು. ಯಜಮಾನನೊಬ್ಬನಿಗೆ ಸಲ್ಲುತ್ತಿದ್ದ ಪದವಿ ಮನೆಯ ಎಲ್ಲರ ಹೆಸರಿಗೂ ಅಂಟಿತು. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋಗಿ ದಕ್ಷಿಣ ಭಾಗ ಮದ್ರಾಸಿನಲ್ಲಿ ಉಳಿಯಿತು. ಈ ಒಡಕಿನ ಗುರುತು ಹೆಗಡೆಯವರ ಹೆಸರು ಬರೆಯುವ ಕ್ರಮದಲ್ಲೇ ಇದೆ. ಮುಂಬಯಿ ಪದ್ಧತಿಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು: ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ ಹುಟ್ಟಿ 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದವರು ರಾಮಕೃಷ್ಣ ಮಹಾಬಲೇಶ್ವರ ಹೆಗಡೆ. ಮದ್ರಾಸಿನ ಕಡೆಯಲ್ಲಿ ಊರು ಮುಂದೆ ಬರುತ್ತದೆ: ಕಾರ್ಕಳ ಸೀಮೆಯ ಕೌಡೂರಿನವರು ಕೌಡೂರು ಸದಾನಂದ ಹೆಗ್ಡೆ, ಉಡುಪಿ ಹತ್ತಿರದ ಬೆಳ್ಳೆಯ ವೈದ್ಯರು ಬೆಳ್ಳೆ ಮೋನಪ್ಪ ಹೆಗ್ಡೆ. ಕೆ. ಎಸ್. ಹೆಗ್ಡೆಯವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ಕೇಶವಾನಂದ ಭಾರತಿ ಪ್ರಕರಣದ ಪೀಠದಲ್ಲಿದ್ದವರು. 1973ರಲ್ಲಿ ಸೇವಾಹಿರಿತನ ಕಡೆಗಣಿಸಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟರು, 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು. ಲೋಕಾಯುಕ್ತರಾಗಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟ ಸಂತೋಷ್ ಹೆಗ್ಡೆ ಇವರ ಮಗ.

ಯಕ್ಷಗಾನದಲ್ಲಿ ಹೆಗಡೆಯವರ ಸಂಖ್ಯೆ ಎಷ್ಟೆಂದರೆ ಅಲ್ಲಿ ಅಡ್ಡಹೆಸರಿನಿಂದ ಯಾರನ್ನೂ ಗುರುತಿಸುವಂತಿಲ್ಲ. 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಕೆರೆಮನೆ ಶಿವರಾಮ ಹೆಗಡೆ, ಅವರ ಮಗ ಶಂಭು ಹೆಗಡೆ, ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆ ಎಲ್ಲರೂ ಹೊನ್ನಾವರ ಸೀಮೆಯವರು. ಅದಕ್ಕೇ ಜನ ‘ಕೆರೆಮನೆಯವರು’, ‘ಚಿಟ್ಟಾಣಿ’ ಎಂದು ಮನೆಯ ಅಥವಾ ಊರಿನ ಹೆಸರು ಹಿಡಿದೇ ಕರೆದರು. ಉತ್ತರ ಕನ್ನಡದ ಯಾವ ಹಳ್ಳಿಗೆ ಹೋದರೂ ‘ಹೆಗಡೇರು’ ಎಂದು ಕೇಳಿದರೆ ‘ಯಾವ ಮನೆಯ ಹೆಗಡೇರು?’ ಎಂಬ ಪ್ರಶ್ನೆ ಬರುವುದು ಸಹಜ.

ಸ್ವಾತಂತ್ರ್ಯಾನಂತರ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಗೊಳಿಸುವ ಕಾಯ್ದೆ 1961ರಲ್ಲಿ ಬಂತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಉಳುವ ಗೇಣಿದಾರನಿಗೆ ಭೂಮಿ ಕೊಟ್ಟಿತು. ಕರಾವಳಿಯ ದೊಡ್ಡ ಮನೆತನಗಳ ಯಜಮಾನಿಕೆ ನಿಂತದ್ದು ಈ ಗೇಣಿಯ ಭೂಮಿಯ ಮೇಲೆ. ಅದು ಹೋದ ಮೇಲೆ ಹೆಸರಿನ ಹಿಂದಿನ ಅಧಿಕಾರವೂ ಹೋಯಿತು. ಹೋಗಬೇಕಾದದ್ದೇ ಹೋಯಿತು. ಹೆಸರು ಮಾತ್ರ ಮುಂಬಯಿ, ಬೆಂಗಳೂರು, ಹೊರದೇಶಗಳಿಗೆ ಹೊರಟವರ ಜೊತೆಗೆ ಹೋಯಿತು. ಹಿಂದೆ ಹೆಗ್ಗಡಿತಿ, ಹೆಗ್ಗಡ್ತಿ ಎಂದು ಬೇರೆಯಾಗಿದ್ದ ಹೆಣ್ಣುಮಕ್ಕಳ ರೂಪ ಬರವಣಿಗೆಯಿಂದ ಮರೆಯಾಗಿ ಈಗ ಅವರೂ ಹೆಗಡೆ, ಹೆಗ್ಡೆ ಎಂದೇ ಬರೆಯುತ್ತಾರೆ.

ಬರೆಯುವ ರೀತಿಯಿಂದ ಸೀಮೆಯನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು. ಉತ್ತರ ಕನ್ನಡದವರು ಹೆಚ್ಚಾಗಿ ಹೆಗಡೆ ಎಂದೂ, ಉಡುಪಿ ಮತ್ತು ಮಂಗಳೂರಿನ ಕಡೆಯವರು ಹೆಗ್ಡೆ ಎಂದೂ, ಜೈನ ಮನೆತನಗಳವರು ಹೆಗ್ಗಡೆ ಎಂದೂ ಬರೆಯುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಮೊದಲ ಎರಡಕ್ಕೆ ವ್ಯತ್ಯಾಸವೇ ಉಳಿಯುವುದಿಲ್ಲ. ಹೀಗಿರುವಾಗ ಹೆಸರೊಂದನ್ನು ಕೇಳಿ ಜಾತಿ ತೀರ್ಮಾನಿಸುವುದು ತಪ್ಪು. ತಮ್ಮ ಮನೆತನದ ಚರಿತ್ರೆ ಹುಡುಕುವ ಹೆಗಡೆಯವರಿಗೂ ಅಡ್ಡಹೆಸರು ಹೆಚ್ಚು ದೂರ ದಾರಿ ತೋರಿಸದು. ಮನೆಯ ಹೆಸರು, ಮೂಲದ ಊರು, ಗೋತ್ರ ಅಥವಾ ಬಳಿ, ನಂಬಿಕೊಂಡು ಬಂದ ದೇವಸ್ಥಾನ ಅಥವಾ ದೈವ ಇವುಗಳನ್ನು ಹಿರಿಯರಿಂದ ಕೇಳಿ ಈಗಲೇ ಬರೆದಿಟ್ಟುಕೊಳ್ಳಬೇಕು.