ರಾಕೆಟ್ ಹಾರಿತು, ಹುಡುಗಿ ಎಲ್ಲಿ?

ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಡುತ್ತಿದ್ದ ಪತ್ತೇದಾರಿ ಕಾದಂಬರಿಗಳು ನಿಮಗೆ ನೆನಪಿವೆಯೇ? ತೆಳು ಕಾಗದ, ಗಾಢ ಬಣ್ಣದ ಮುಖಪುಟ, ಕಡಿಮೆ ಬೆಲೆ. ಎನ್. ನರಸಿಂಹಯ್ಯನವರೊಬ್ಬರೇ ಇಂಥ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು ಎಷ್ಟೋ ಮನೆಗಳಿಗೆ ಓದುವ ಹುಚ್ಚು ಹಿಡಿಸಿದರು. ಅಮೆರಿಕದಲ್ಲೂ ಇಂಥದ್ದೇ ಒಂದು ಲೋಕ ಇತ್ತು. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ಪತ್ರಿಕೆಗಳವು. ಅದಕ್ಕೇ ಅವಕ್ಕೆ 'ಪಲ್ಪ್' ಅಂತ ಹೆಸರು. 1926ರಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಬರೀ ವಿಜ್ಞಾನ ಕಥೆಗಳಿಗಾಗಿಯೇ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆ ಶುರು ಮಾಡಿದ ಮೇಲಂತೂ ರಾಕೆಟ್ಟು, ರೋಬೋಟು, ಅನ್ಯಗ್ರಹದ ಜೀವಿಗಳ ಸುಗ್ಗಿ!

ಅಷ್ಟು ದೂರದ, ಅಷ್ಟು ಹಳೇ ಕಥೆ ನಮಗ್ಯಾಕೆ ಅಂತೀರಾ? ನಮ್ಮ ಮಕ್ಕಳು ಟೀವಿಯಲ್ಲಿ, ಮೊಬೈಲಿನಲ್ಲಿ ಬಾಯಿ ಬಿಟ್ಟುಕೊಂಡು ನೋಡುವ ಎಷ್ಟೋ ಸಿನಿಮಾ, ಕಾರ್ಟೂನುಗಳ ಬೇರು ಅಲ್ಲೇ ಇದೆ. ಅಲ್ಲಿಯ ಹೆಣ್ಣುಮಗಳು ಹೇಗಿದ್ದಳು ಅನ್ನೋದು ಗೊತ್ತಿದ್ದರೆ ಮಕ್ಕಳ ಜೊತೆ ಕೂತು ಮಾತಾಡೋದಕ್ಕೆ ಅನುಕೂಲ.

ಮೊಟ್ಟೆ ಇಡುವ ರಾಜಕುಮಾರಿ

ಎಡ್ಗರ್ ರೈಸ್ ಬರೋಸ್ ಬರೆದ 'ಎ ಪ್ರಿನ್ಸೆಸ್ ಆಫ್ ಮಾರ್ಸ್' 1912ರಲ್ಲಿ ಧಾರಾವಾಹಿಯಾಗಿ ಬಂತು. 2012ರ 'ಜಾನ್ ಕಾರ್ಟರ್' ಸಿನಿಮಾಕ್ಕೆ ಮೂಲ ಇದೇ. ಮಂಗಳ ಗ್ರಹದ ರಾಜಕುಮಾರಿ ಡೇಜಾ ಥೋರಿಸ್ ಇದರ ನಾಯಕಿ. ಸೆರೆ ಸಿಕ್ಕಾಗ ಅವಳು ಗಾಳಿಯ ಅಧ್ಯಯನಕ್ಕೆ ಹೊರಟ ವಿಜ್ಞಾನದ ತಂಡದಲ್ಲಿ ಇದ್ದವಳು. ಆದರೆ ಆಮೇಲೆ ಅವಳ ವಿಜ್ಞಾನದ ಸುದ್ದಿಯನ್ನು ಕಥೆ ಹೆಚ್ಚು ಎತ್ತುವುದೇ ಇಲ್ಲ. ಮೈಮೇಲೆ ಒಡವೆ ಬಿಟ್ಟರೆ ಬಟ್ಟೆಯಿಲ್ಲ. ಮತ್ತೆ ಮತ್ತೆ ಶತ್ರುಗಳ ಕೈಗೆ ಸಿಕ್ಕಿಬೀಳುತ್ತಾಳೆ, ಭೂಮಿಯಿಂದ ಬಂದ ನಾಯಕ ಮತ್ತೆ ಮತ್ತೆ ಕಾಪಾಡುತ್ತಾನೆ. ಆ ಗ್ರಹದ ಹೆಂಗಸರು ಮಗುವನ್ನು ಹೆರುವುದಿಲ್ಲ, ಮೊಟ್ಟೆ ಇಡುತ್ತಾರೆ! ಹೆಣ್ಣು ಮೊಟ್ಟೆ ಇಡುವುದನ್ನು ಊಹಿಸಿದ ಲೇಖಕನಿಗೆ ಅವಳು ತಾನಾಗೇ ತಪ್ಪಿಸಿಕೊಂಡು ಬರೋದನ್ನು ಊಹಿಸೋಕೆ ಆಗಲಿಲ್ಲ ನೋಡಿ.

ಅವಳನ್ನು ಉಳಿಸಬೇಡ

ಇನ್ನೊಂದು ಕಥೆ ಕೇಳಿ. ಟಾಮ್ ಗಾಡ್ವಿನ್ ಬರೆದ 'ದಿ ಕೋಲ್ಡ್ ಈಕ್ವೇಷನ್ಸ್' 1954ರಲ್ಲಿ 'ಅಸ್ಟೌಂಡಿಂಗ್' ಪತ್ರಿಕೆಯಲ್ಲಿ ಪ್ರಕಟವಾಯಿತು. ದೂರದ ಗ್ರಹವೊಂದರಲ್ಲಿ ಜ್ವರ ಬಿದ್ದ ಆರು ಮಂದಿಗೆ ಔಷಧಿ ಒಯ್ಯುವ ಪುಟ್ಟ ನೌಕೆ. ಅಣ್ಣನನ್ನು ನೋಡುವ ಆಸೆಯಿಂದ ಹದಿನೆಂಟರ ಹುಡುಗಿ ಮೆರಿಲಿನ್ ಅದರೊಳಗೆ ಬಚ್ಚಿಟ್ಟುಕೊಳ್ಳುತ್ತಾಳೆ. ಸಿಕ್ಕಿಬಿದ್ದರೆ ದಂಡ ಹಾಕಬಹುದು ಅಂತ ಅವಳ ಲೆಕ್ಕ. ಆದರೆ ಇಂಧನ ಇರುವುದು ಒಬ್ಬ ಪೈಲಟ್‌ಗೆ ಮಾತ್ರ. ಅವಳ ಭಾರ ಹೊತ್ತರೆ ನೌಕೆ ಇಳಿಯುವಾಗ ಬಿದ್ದುಹೋಗುತ್ತದೆ, ಔಷಧಿ ತಲುಪುವುದಿಲ್ಲ. ಕೊನೆಗೆ ಅವಳು ನೌಕೆಯಿಂದ ಆಚೆ ಹೋಗಲೇಬೇಕಾಗುತ್ತದೆ. ಪ್ರಕೃತಿಯ ನಿಯಮಕ್ಕೆ ಕರುಣೆಯಿಲ್ಲ ಅನ್ನೋದು ಕಥೆಯ ನೀತಿ.

ಓದಿದರೆ ಗಂಟಲು ಕಟ್ಟುತ್ತದೆ. ಆದರೆ ಒಳಗಿನ ಸಂಗತಿಯೇ ಬೇರೆ. ಹುಡುಗಿಯನ್ನು ಹೇಗಾದರೂ ಉಳಿಸಬೇಕು ಅಂತ ಗಾಡ್ವಿನ್ ಉಪಾಯ ಹುಡುಕಿ ಹುಡುಕಿ ಬರೆದು ಕಳಿಸುತ್ತಿದ್ದನಂತೆ. ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಮತ್ತೆ ಮತ್ತೆ ಕಥೆಯನ್ನು ವಾಪಸ್ ಕಳಿಸಿದ! ಅಂದರೆ ಅವಳನ್ನು ಹೊರಗೆ ಹಾಕಿದ್ದು ಪ್ರಕೃತಿಯಲ್ಲ, ಸಂಪಾದಕರ ಮೇಜು. ಆಮೇಲೆ ಬಂದ ವಿಮರ್ಶಕರು ಇನ್ನೂ ಕೆಲವು ಪ್ರಶ್ನೆ ಎತ್ತಿದರು. ಅಷ್ಟು ಅಪಾಯದ ನೌಕೆಗೆ ಗಟ್ಟಿ ಬೀಗ ಯಾಕಿಲ್ಲ? ಒಳಗೆ ಯಾರಿದ್ದಾರೆ ಅಂತ ಹೊರಡುವ ಮೊದಲು ಯಾಕೆ ನೋಡಲಿಲ್ಲ? ಒಂದು ಚೂರೂ ಹೆಚ್ಚಿಗೆ ಇಂಧನ ಇಡಬಾರದು ಅಂತ ತೀರ್ಮಾನ ಮಾಡಿದವರು ಯಾರು? ಇವೆಲ್ಲ ಮನುಷ್ಯರೇ ಮಾಡಿದ ಏರ್ಪಾಡು. ತಪ್ಪು ಮಾತ್ರ ಹುಡುಗಿಯ ತಲೆಗೆ.

ಈ ತರ್ಕ ನಮಗೇನು ಹೊಸದಲ್ಲ. "ಏನ್ ಮಾಡೂದ್ರಿ, ಸಂಜಿಮುಂದ ಬಸ್ ಇಲ್ಲ, ಹುಡುಗಿ ಅದಾಳ, ಕಾಲೇಜು ಬ್ಯಾಡ ಬಿಡ್ರಿ" ಅನ್ನೋ ಮಾತು ಮರಳಿಯಂಥ ಊರುಗಳಲ್ಲಿ ಯಾರಿಗೆ ಗೊತ್ತಿಲ್ಲ? ಬಸ್ಸಿನ ವೇಳೆಯನ್ನು ದೇವರು ಬರೆದಿಲ್ಲವಲ್ಲ! ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದಾಗ, ಸ್ಕೂಲು ದೂರ ಅನ್ನೋ 'ನಿಯಮ' ಎಷ್ಟೋ ಹುಡುಗಿಯರ ಪಾಲಿಗೆ ಸಡಿಲವಾಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಟಿಕೆಟ್ಟಿನ ಚಿಂತೆಯೂ ಹೋಯಿತು. ಬದಲಾಯಿಸಿದರೆ ಬದಲಾಗುತ್ತೆ.

ಅವಳೇ ಬರೆದಾಗ

ಪಲ್ಪ್ ಪತ್ರಿಕೆಗಳಲ್ಲಿ ಹೆಂಗಸರೂ ಬರೆದರು. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಕ್ಯಾಥರೀನ್ ಮೂರ್ 1933ರಲ್ಲಿ 'ಸಿ.ಎಲ್. ಮೂರ್' ಅಂತ ಬರೀ ಇನಿಷಿಯಲ್ ಹಾಕಿ ಬರೆಯತೊಡಗಿದಳು. ಹೆಣ್ಣೆಂದು ಮುಚ್ಚಿಡಲು ಹಾಗೆ ಮಾಡಿದಳು ಅಂತ ಬಹಳ ಜನ ತಿಳಿದಿದ್ದಾರೆ. ನಿಜವೇನೆಂದರೆ, ಬೇರೆ ಸಂಪಾದನೆ ಇರೋದು ಬ್ಯಾಂಕಿಗೆ ಗೊತ್ತಾದರೆ ಕೆಲಸ ಹೋದೀತು ಅಂತ ಅವಳಿಗೆ ಭಯ. 1944ರ 'ನೋ ವುಮನ್ ಬಾರ್ನ್' ಕಥೆಯಲ್ಲಿ ಬೆಂಕಿಗೆ ಸಿಕ್ಕ ನರ್ತಕಿಯ ಮಿದುಳನ್ನು ಲೋಹದ ಮೈಯಲ್ಲಿ ಇಟ್ಟು ಬದುಕಿಸುತ್ತಾರೆ. ಇವಳು ಇನ್ನು ಕುಣಿಯಬಹುದೇ ಅಂತ ಗಂಡಸರು ತಲೆ ಕೆಡಿಸಿಕೊಳ್ಳುತ್ತಾರೆ. ಆಕೆ ಅವರ ಅಪ್ಪಣೆಗೆ ಕಾಯದೆ ರಂಗ ಹತ್ತುತ್ತಾಳೆ.

ಇದಕ್ಕೂ ಎಷ್ಟೋ ಮೊದಲು, 1905ರಲ್ಲಿ, ನಮ್ಮ ದೇಶದಲ್ಲೇ ರೊಕೆಯಾ ಸಖಾವತ್ ಹುಸೇನ್ 'ಸುಲ್ತಾನಾಸ್ ಡ್ರೀಮ್' ಬರೆದರು. ಮದ್ರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜೀನ್'ನಲ್ಲಿ ಅದು ಪ್ರಕಟವಾಯಿತು. ಶಾಲೆಗೆ ಹೋಗದೆ ಮನೆಯಲ್ಲೇ ಕಲಿತವರು ಅವರು. ಕಥೆಯ ನಾಡಿನಲ್ಲಿ ಗಂಡಸರು ಮನೆಯೊಳಗೆ, ಹೆಂಗಸರು ವಿಶ್ವವಿದ್ಯಾಲಯದಲ್ಲಿ! ಮೋಡದಿಂದ ನೀರು ಇಳಿಸುತ್ತಾರೆ, ಹಾರುವ ವಾಹನದಲ್ಲಿ ಓಡಾಡುತ್ತಾರೆ. ಅಡುಗೆಮನೆಯಲ್ಲಿ ಹೊಗೆಯಿಲ್ಲ, ಬಿಸಿಲಿನ ಶಾಖದಲ್ಲೇ ಅಡುಗೆ. ಮಂಗಳದವರೆಗೂ ಹಾರಿಸಿದ ಗಂಡಸು ಲೇಖಕರಲ್ಲಿ ಎಷ್ಟು ಮಂದಿಗೆ ಒಲೆಯ ಹೊಗೆ ಕಂಡಿತ್ತು ಹೇಳಿ?

ಹೀಗೆ ಮಾಡಿ ನೋಡಿ

* ಹಳೇ ಕಥೆ ಅಂತ ಮಕ್ಕಳ ಕೈಯಿಂದ ಕಿತ್ತುಕೊಳ್ಳಬೇಡಿ. ಜೊತೆಗೆ ಕೂತು ನೋಡಿ, ಓದಿ. ಬೈಯುವುದಕ್ಕಿಂತ ಕೇಳುವುದು ಒಳ್ಳೆಯದು.

* ಮೂರು ಪ್ರಶ್ನೆ ಕೇಳಿ. ಈ ಕಥೆಯಲ್ಲಿ ಹುಡುಗಿಯ ಕೆಲಸ ಏನು? ಅವಳ ತೀರ್ಮಾನದಿಂದ ಕಥೆ ಒಂದು ಸಲವಾದರೂ ತಿರುಗಿತೇ? 'ಬೇರೆ ದಾರಿಯಿಲ್ಲ' ಅಂತ ಹೇಳಿದವರು ಯಾರು?

* ಕೊನೆ ಹಿಡಿಸದಿದ್ದರೆ ಬೇರೆ ಕೊನೆ ಬರೆಯಲು ಹೇಳಿ. ಮೆರಿಲಿನ್‌ಳನ್ನು ಉಳಿಸೋದು ಹೇಗೆ ಅಂತ ಮಗಳನ್ನೂ ಮಗನನ್ನೂ ಕೇಳಿ. ಗಣಿತ, ವಿಜ್ಞಾನ ಎರಡೂ ಕೆಲಸಕ್ಕೆ ಬರುತ್ತವೆ.

* ಪಂಚಾಯಿತಿ ಗ್ರಂಥಾಲಯದಲ್ಲಿ ವಿಜ್ಞಾನದ ಕಥೆ ಪುಸ್ತಕ ಬೇಕು ಅಂತ ಕೇಳಿ. ಕೇಳದೆ ಯಾರೂ ತರಿಸುವುದಿಲ್ಲ.

* ಎಸ್ಸೆಸ್ಸೆಲ್ಸಿ ಮುಗಿದು ಮಗಳು ಸೈನ್ಸ್ ತೊಗೋತೀನಿ ಅಂದಾಗ 'ಆಗಲ್ಲ' ಅನ್ನುವ ಮುಂಚೆ, ಯಾಕೆ ಆಗಲ್ಲ ಅನ್ನೋದನ್ನ ಒಂದು ಚೀಟಿಯಲ್ಲಿ ಬರೆಯಿರಿ. ಬಸ್ಸು, ಫೀಸು, ಹಾಸ್ಟೆಲ್ಲು, ನೆಂಟರ ಬಾಯಿ... ಒಂದೊಂದರ ಮುಂದೆಯೂ ಅದನ್ನು ಯಾರು ಬದಲಾಯಿಸಬಹುದು ಅಂತ ಬರೆಯಿರಿ. ಮಾರನೇ ದಿನ ಆ ಚೀಟಿ ಹಿಡಿದು ಮಗಳ ಜೊತೆ ಮೊದಲನೆಯವರ ಹತ್ತಿರ ಹೋಗಿ ಮಾತಾಡಿ.