ತಂಪು ಮನೆ ನಕ್ಷೆಯಲ್ಲೇ ಹುಟ್ಟುತ್ತದೆ

“ದೊಡ್ಡ ದೊಡ್ಡ ಗಾಜು ಹಾಕಿಸಿದರೆ ಮನೆ ತುಂಬ ಬೆಳಕು, ಹಗಲು ದೀಪ ಬೇಡ, ಕರೆಂಟ್ ಉಳಿತಾಯ.” ಬೆಂಗಳೂರಿನ ಹೊರವರ್ತುಲ ರಸ್ತೆಯ ಆಫೀಸು ಕಟ್ಟಡಗಳನ್ನು ನೋಡಿ ಬೆಳೆದ ಈ ನಂಬಿಕೆ ಈಗ ಮೂವತ್ತು-ನಲವತ್ತರ ಸೈಟಿನ ಮನೆಗಳಿಗೂ ಇಳಿದಿದೆ. ಆದರೆ ಬಿಸಿಲು ಗಾಜನ್ನು ಸಲೀಸಾಗಿ ದಾಟಿ ಒಳಗಿನ ನೆಲ, ಮೇಜು, ಸೋಫಾಗಳನ್ನು ಕಾಯಿಸುತ್ತದೆ. ಕಾದ ವಸ್ತುಗಳು ಸೂಸುವ ಶಾಖಕ್ಕೆ ಅದೇ ಗಾಜು ದಾರಿ ಬಿಡುವುದಿಲ್ಲ. ಕಣ್ಣು ಕುಕ್ಕುವ ಬೆಳಕು ತಾಳಲಾರದೆ ಪರದೆ ಎಳೆಯುತ್ತಾರೆ, ಪರದೆ ಎಳೆದು ಕತ್ತಲಾಯಿತೆಂದು ದೀಪ ಹಾಕುತ್ತಾರೆ, ಸೆಕೆಗೆ ಎಸಿ ಹಾಕುತ್ತಾರೆ. ಪರದೆಯಿಂದ ಸೆಕೆಯೂ ಹೆಚ್ಚೇನು ತಗ್ಗದು, ಏಕೆಂದರೆ ಬಿಸಿಲು ಅಷ್ಟರಲ್ಲಿ ಒಳಗೆ ಬಂದಾಗಿರುತ್ತದೆ. ಅದನ್ನು ಗಾಜಿನ ಆಚೆಗೇ ತಡೆಯಬೇಕು.

ಆ ಕೆಲಸಕ್ಕೆ ಸಜ್ಜ ಇದೆಯಲ್ಲ ಎನ್ನಬಹುದು. ಇದೆ, ಆದರೆ ಎಲ್ಲ ದಿಕ್ಕಿಗೂ ಒಂದೇ ಸಜ್ಜ ಸಾಲದು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಇಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ದಕ್ಷಿಣದ ಗೋಡೆಗೆ ಬೀಳುವ ನೇರ ಬಿಸಿಲು ಅತ್ಯಲ್ಪ. ಅದೇ ದಿನ ಸಂಜೆ ನಾಲ್ಕು ಗಂಟೆಯ ಓರೆ ಬಿಸಿಲು ಪಶ್ಚಿಮದ ಸಜ್ಜದ ಕೆಳಗೇ ನುಗ್ಗಿ ನೇರ ಮಂಚದವರೆಗೆ ಬರುತ್ತದೆ. ಪಶ್ಚಿಮಕ್ಕೆ ಮಲಗುವ ಕೋಣೆಯ ಬದಲು ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆ ಇಟ್ಟರೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ. ಅಲ್ಲಿ ಕಿಟಕಿ ಬೇಕೇ ಬೇಕೆಂದರೆ ಚಿಕ್ಕದಿರಲಿ, ಹೊರಗೆ ಜಾಲರಿಯೋ ಮರವೋ ಇರಲಿ. ಇನ್ನು ದಿನವಿಡೀ ಬಿಸಿಲು ಕುಡಿಯುವುದು ತಾರಸಿ. ಮೇಲಂತಸ್ತಿನ ಸೆಕೆಗೆ ಮೊದಲ ಮದ್ದು ಅದರ ಮೇಲಿನ ಬಿಳಿ ಲೇಪ ಇಲ್ಲವೇ ತಿಳಿಬಣ್ಣದ ಟೈಲ್ಸ್.

ಎಸಿ ವಿಷಯದ ತಪ್ಪು ತಿಳಿವಳಿಕೆಯಿಂದ ಜೇಬಿಗಿಂತ ಹೆಚ್ಚು ಆರೋಗ್ಯಕ್ಕೆ ಹಾನಿ. ಗೋಡೆಗೆ ತೂಗುಹಾಕುವ ಸ್ಪ್ಲಿಟ್ ಎಸಿ ಹೊರಗಿನ ತಾಜಾ ಗಾಳಿಯನ್ನು ತಂಪಾಗಿಸಿ ಒಳಗೆ ಬಿಡುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ಹೊರಗಿನ ಪೆಟ್ಟಿಗೆಗೂ ಒಳಗಿನ ಪೆಟ್ಟಿಗೆಗೂ ನಡುವೆ ಓಡಾಡುವುದು ಕೊಳವೆಯೊಳಗಿನ ಶೀತಕ ಮಾತ್ರ, ಗಾಳಿಯಲ್ಲ. ಕೋಣೆಯ ಗಾಳಿಯೇ ಸುತ್ತಿ ಸುತ್ತಿ ತಣ್ಣಗಾಗುತ್ತದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 420ರ ಆಸುಪಾಸಿನಲ್ಲಿದ್ದರೆ, ಕಿಟಕಿ-ಬಾಗಿಲು ಭದ್ರಪಡಿಸಿ ಇಬ್ಬರು ಮಲಗಿದ ಚಿಕ್ಕ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ ಅದು 2,000 ದಾಟುವುದು ಅಪರೂಪವಲ್ಲ. ಬೆಳಿಗ್ಗೆ ತಲೆ ಭಾರ ಎನ್ನುವವರು ಮೊದಲು ಕೋಣೆಯ ಗಾಳಿಯನ್ನು ಅನುಮಾನಿಸಬೇಕು. ರಿಮೋಟನ್ನು 18ಕ್ಕೆ ಇಳಿಸಿದರೆ ಬೇಗ ತಂಪಾಗುತ್ತದೆ ಎಂಬುದೂ ಸುಳ್ಳು. ಸಾಮಾನ್ಯ ಎಸಿ ತಂಪಾಗಿಸುವ ವೇಗ ಅದರಿಂದ ಬದಲಾಗದು, ಕಂಪ್ರೆಸರ್ ಓಡುವ ಹೊತ್ತು ಮಾತ್ರ ಹಿಗ್ಗುತ್ತದೆ. ಉಷ್ಣತೆಯನ್ನು ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 26ಕ್ಕೆ ಇಟ್ಟು ಫ್ಯಾನ್ ಹಾಕಿಕೊಂಡರೆ ಮೈಗೆ ಹಿತವಾಗಿಯೇ ಇರುತ್ತದೆ.

ಹಾಗಾದರೆ ಯಂತ್ರವಿಲ್ಲದೆ ದೊಡ್ಡ ಆಫೀಸಿಗೆ ಗಾಳಿ ತರಲಾದೀತೇ? ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಸಂಸ್ಥೆಯ ಕಟ್ಟಡ ನನಗೆ ಬಹಳ ಇಷ್ಟವಾಗುವುದು ಇದಕ್ಕೇ. ವಾಸ್ತುಶಿಲ್ಪಿ ಸಂಜಯ್ ಮೋಹೆ ಅದನ್ನು ವಿನ್ಯಾಸಗೊಳಿಸಿದಾಗ ನಿವೇಶನದ ದಕ್ಷಿಣಕ್ಕೆ ನಾರುವ ಚರಂಡಿ ಇತ್ತು, ಗಾಳಿ ಬೀಸುವುದೂ ಅತ್ತಲಿಂದಲೇ. ಕಟ್ಟಡ ಆ ಕಡೆಗೆ ಬೆನ್ನು ತಿರುಗಿಸಿತು. ದಕ್ಷಿಣದಲ್ಲಿ ಕಡಪ ಕಲ್ಲಿನ ಹೊದಿಕೆಯ ಜೋಡಿಗೋಡೆ ಎದ್ದಿತು. ಬಿಸಿಲಿಗೆ ಕಪ್ಪುಗಲ್ಲು ಕಾದಾಗ ಎರಡು ಗೋಡೆಗಳ ನಡುವಿನ ಗಾಳಿ ಮೇಲೇರಿ ಹೊರಹೋಗುತ್ತದೆ, ಅದು ತೆರವು ಮಾಡಿದ ಜಾಗಕ್ಕೆ ಉತ್ತರದ ತೆರೆದ ಬದಿಯಿಂದ ಶುದ್ಧ ಗಾಳಿ ಹರಿದು ಬರುತ್ತದೆ. ಬಿಸಿಲೇ ಇಲ್ಲಿ ಫ್ಯಾನು!

“ಮಣ್ಣಿನ ಗೋಡೆ ಮಳೆಗೆ ಕರಗುತ್ತದೆ” ಎಂಬ ಹೆದರಿಕೆಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಹದವಾದ ಮಣ್ಣಿಗೆ ಶೇ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ವಾರಗಟ್ಟಲೆ ನೀರುಣಿಸಿದ ಬ್ಲಾಕು ಗೂಡಿನಲ್ಲಿ ಸುಡದೆಯೇ ಗಟ್ಟಿಯಾಗುತ್ತದೆ. ಎರೆಮಣ್ಣನ್ನು ಮಾತ್ರ ಹಾಗೇ ಬಳಸುವಂತಿಲ್ಲ. ಇದಕ್ಕೆ ತದ್ವಿರುದ್ಧವಾದ ನಂಬಿಕೆಯೂ ಇದೆ: ದಪ್ಪ ಗೋಡೆ ಎಲ್ಲೆಡೆಯೂ ತಂಪು ಎಂಬುದು. ಬಯಲುಸೀಮೆಯಲ್ಲಿ ಅದು ನಿಜ. ಹಗಲು ಕಾದ ಗೋಡೆ ರಾತ್ರಿಯ ತಂಪಿಗೆ ಶಾಖ ಬಿಟ್ಟುಕೊಡುತ್ತದೆ. ಕರಾವಳಿಯಲ್ಲಿ ರಾತ್ರಿಯೂ ಬೆವರು, ಗೋಡೆ ತಣಿಯುವುದೇ ಇಲ್ಲ. ಅಲ್ಲಿ ಬೇಕಾದದ್ದು ಎದುರುಬದುರು ಕಿಟಕಿ, ಬಿಸಿಗಾಳಿ ಸಂದಿಯಲ್ಲಿ ಹೊರಹೋಗುವ ಹೆಂಚಿನ ಮಾಡು. ವಾಸದ ಕಟ್ಟಡಗಳಿಗೆಂದು 2018ರಲ್ಲಿ ಬಂದ ‘ಇಕೋ ನಿವಾಸ ಸಂಹಿತೆ’ಯೂ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತಂದುಕೊಂಡಿದೆ. ತೆರೆಯಬಲ್ಲ ಕಿಟಕಿ-ಬಾಗಿಲುಗಳ ವಿಸ್ತಾರ ನೆಲದ ವಿಸ್ತಾರದಲ್ಲಿ ಮಂಗಳೂರಿನಂಥ ಹವೆಗೆ ಆರನೇ ಒಂದು, ಬೆಂಗಳೂರಿನ ಹವೆಗೆ ಎಂಟನೇ ಒಂದು, ಒಣ ಬಿಸಿಲಿನ ನಾಡಿಗೆ ಹತ್ತನೇ ಒಂದು ಪಾಲಾದರೂ ಇರಬೇಕು ಎನ್ನುತ್ತದೆ.

ಹಸಿರು ಕಟ್ಟಡ ಸಿರಿವಂತರ ಶೋಕಿ ಎನ್ನುವವರಿಗೆ ಇನ್ಫೋಸಿಸ್‌ನ ಹೈದರಾಬಾದ್ ಕಟ್ಟಡವೊಂದರ ಉದಾಹರಣೆ ಕೊಡಬಹುದು. ಅದರ ಅರ್ಧಕ್ಕೆ ಸುಧಾರಿತ ಮಾಮೂಲಿ ಹವಾನಿಯಂತ್ರಣ, ಇನ್ನರ್ಧಕ್ಕೆ ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆ ಮತ್ತು ಪ್ರತ್ಯೇಕವಾಗಿ ತಾಜಾ ಗಾಳಿ. ಎರಡನೆಯದು ಸುಮಾರು ಮೂರನೇ ಒಂದು ಪಾಲು ಕಡಿಮೆ ವಿದ್ಯುತ್ ಬಳಸಿತು. ಅಳವಡಿಸುವ ವೆಚ್ಚ ಹೆಚ್ಚುಕಡಿಮೆ ಅಷ್ಟೇ.

ಕುಂಡದ ಗಿಡಗಳು ಒಳಗಿನ ಗಾಳಿ ಶುದ್ಧ ಮಾಡುತ್ತವೆ ಎಂಬ ಮಾತಿನ ಮೂಲ ನಾಸಾದ 1989ರ ಪ್ರಯೋಗ. ಅದು ನಡೆದದ್ದು ಮುಚ್ಚಿದ ಚಿಕ್ಕ ಪೆಟ್ಟಿಗೆಯಲ್ಲಿ. 2019ರ ಅಮೆರಿಕದ ವಿಶ್ಲೇಷಣೆಯೊಂದರ ಪ್ರಕಾರ, ಕಟ್ಟಡದ ಸಹಜ ವಾಯುಸಂಚಾರಕ್ಕೆ ಸಮನಾಗಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ ಕನಿಷ್ಠ ಹತ್ತು ಗಿಡ ಬೇಕು. ಕಣ್ಣಿಗೆ ತಂಪೆಂದು ಗಿಡ ಬೆಳೆಸೋಣ, ಗಾಳಿಗೆ ಕಿಟಕಿ ತೆರೆಯೋಣ. ಸೊಳ್ಳೆಯ ಭಯಕ್ಕೆ ಕಿಟಕಿ ಮುಚ್ಚಿಡುವ ನಮ್ಮ ಊರುಗಳಲ್ಲಿ ಮೆಶ್ ಬಾಗಿಲನ್ನು ಮರಗೆಲಸದ ಜೊತೆಗೇ ಮಾಡಿಸಬೇಕು. ಹೊಸ ಮನೆಯಲ್ಲಂತೂ ಇದು ತೀರಾ ಮುಖ್ಯ: ಪ್ಲೈವುಡ್ಡಿನ ಅಂಟಿನಿಂದ ಫಾರ್ಮಾಲ್ಡಿಹೈಡ್ ತಿಂಗಳುಗಟ್ಟಲೆ ಹೊರಬರುತ್ತದೆ, ವಾಸನೆ ಹೋದ ಮಾತ್ರಕ್ಕೆ ಅದು ನಿಂತಿತೆಂದಲ್ಲ. ಮುಹೂರ್ತ ಮೀರಬಾರದೆಂದು ಬಣ್ಣ ಬಳಿದ ವಾರದಲ್ಲೇ ಗೃಹಪ್ರವೇಶ ಮಾಡಿದರೂ, ಕೂಸು-ಬಾಣಂತಿ ಇದ್ದರೆ ಅವರ ವಾಸ್ತವ್ಯ ಇನ್ನಷ್ಟು ವಾರ ಹಳೆಯ ಮನೆಯಲ್ಲೇ ಇರಲಿ. ಅಷ್ಟು ದಿನವೂ ಹೊಸ ಮನೆಯ ಕಿಟಕಿಗಳೂ ಕಪಾಟುಗಳೂ ಹಗಲೆಲ್ಲ ತೆರೆದಿರಲಿ.